ಮೀನಿನ ಸ್ಕೂಲಿಗೂ ಪಾಠಕ್ಕೂ ನಂಟಿಲ್ಲ

ಇಂಗ್ಲಿಷಿನಲ್ಲಿ ಮೀನಿನ ಗುಂಪಿಗೆ 'ಸ್ಕೂಲ್' ಅನ್ನುತ್ತಾರೆ. ಮೀನುಗಳು ಶಾಲೆ ಮಕ್ಕಳ ಹಾಗೆ ಶಿಸ್ತಾಗಿ ಸಾಗುತ್ತವೆ, ಅದಕ್ಕೇ ಈ ಹೆಸರು ಅಂತ ಎಷ್ಟೋ ಜನ ನಂಬಿದ್ದಾರೆ. ಕೇಳೋಕೆ ಚೆಂದ, ಆದರೆ ನಿಜವಲ್ಲ.

ಪಾಠದ ಸ್ಕೂಲ್ ಗ್ರೀಕಿನ 'ಸ್ಖೊಲೆ'ಯಿಂದ, ಲ್ಯಾಟಿನ್ ದಾಟಿ ಬಂದದ್ದು. ಅದರ ಮೊದಲ ಅರ್ಥ ಬಿಡುವು! ಬಿಡುವಿದ್ದವರು ಕೂತು ಚರ್ಚೆ ಮಾಡುತ್ತಿದ್ದರು. ಆಮೇಲೆ ಚರ್ಚೆಗೂ, ಅದು ನಡೆಯುವ ಜಾಗಕ್ಕೂ ಅದೇ ಹೆಸರಾಯಿತು. ಮೀನಿನ ಸ್ಕೂಲ್ ಬೇರೆಯೇ. ಅದು ಹಳೆಯ ಡಚ್ಚಿನ 'ಸ್ಖೋಲೆ'. ಅಂದರೆ ದಂಡು, ಗುಂಪು. 1400ರ ಸುಮಾರಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತು. ಮೀನಿನ ಗುಂಪಿಗೇ ಹೇಳುವ 'ಶೋಲ್' ಕೂಡ ಇದೇ ಮನೆತನದ ಪದ.

ವಿಜ್ಞಾನಿಗಳು ಈ ಎರಡನ್ನೂ ಬೇರೆಬೇರೆಯಾಗಿ ಬಳಸುತ್ತಾರೆ. ಮೀನುಗಳು ಸುಮ್ನೆ ಜೊತೆಯಲ್ಲಿದ್ದರೆ ಶೋಲ್. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗಿ, ಒಟ್ಟಿಗೇ ತಿರುಗಿದರೆ ಮಾತ್ರ ಸ್ಕೂಲ್.

ಒಟ್ಟಿಗೆ ತಿರುಗೋದು ಹೇಗೆ? ನಾಯಕ ಮೀನು ಯಾವುದೂ ಇಲ್ಲ. ಪ್ರತಿ ಮೀನೂ ಪಕ್ಕದವರನ್ನಷ್ಟೇ ಗಮನಿಸುತ್ತದೆ. ಕಣ್ಣು ಒಂದು ದಾರಿ. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಮೀನಿನ ಪಕ್ಕೆಯುದ್ದಕ್ಕೂ ಒಂದು ಗೆರೆ ಇರುತ್ತದೆ, ಅದೇ ಪಾರ್ಶ್ವರೇಖೆ. ಅದರಲ್ಲಿ ಕೂದಲಿನಂಥ ಎಳೆಗಳಿರುವ ಪುಟ್ಟ ಕೋಶಗಳಿವೆ. ಪಕ್ಕದ ಮೀನು ಬಾಲ ಬೀಸಿದರೆ ನೀರು ಅಲುಗುತ್ತದೆ. ಹೊಳೆಯ ಹರಿವಿಗೆ ಜೊಂಡು ಬಾಗುವ ಹಾಗೆ ಆ ಎಳೆಗಳು ಬಾಗುತ್ತವೆ. ತಕ್ಷಣ ಮಿದುಳಿಗೆ ಸುದ್ದಿ ಹೋಗುತ್ತದೆ. ನಮ್ಮ ಒಳಗಿವಿಯಲ್ಲೂ ಇಂಥದ್ದೇ ಕೋಶಗಳಿವೆ.

ಇದು ಬರೀ ಊಹೆಯಲ್ಲ. 1976ರಲ್ಲಿ ಪಿಚರ್, ಪಾರ್ಟ್ರಿಡ್ಜ್ ಮತ್ತು ವಾರ್ಡಲ್ ಎಂಬ ವಿಜ್ಞಾನಿಗಳು ಸೇಥ್ ಅನ್ನುವ ಜಾತಿಯ ಒಂದು ಮೀನಿನ ಕಣ್ಣು ಮುಚ್ಚಿ, 25 ಮೀನುಗಳ ಗುಂಪಿನ ಜೊತೆ ಬಿಟ್ಟರು. ಏನೂ ಕಾಣದಿದ್ದರೂ ಅದು ಗುಂಪಿನೊಂದಿಗೇ ಈಜಿತು! ಕಣ್ಣು ಮುಚ್ಚಿ ಪಾರ್ಶ್ವರೇಖೆಯನ್ನೂ ಕತ್ತರಿಸಿದ ಮೀನುಗಳಿಗೆ ಮಾತ್ರ ಅದು ಆಗಲಿಲ್ಲ.

ನಮ್ಮ ಕರಾವಳಿಯ ಬಂಗುಡೆ, ಬೂತಾಯಿ ಕೂಡ ಹೀಗೇ ದಂಡು ಕಟ್ಟುತ್ತವೆ. ದೊಡ್ಡ ಮೀನು ಮೇಲೆರಗಿದಾಗ ಇಷ್ಟರಲ್ಲಿ ಯಾವುದನ್ನು ಹಿಡಿಯಬೇಕೆಂದು ಅದಕ್ಕೆ ಗೊಂದಲವಾಗುತ್ತದೆ. ಆದರೆ ಬಲೆ ಒಂದೊಂದೇ ಮೀನನ್ನು ಆರಿಸುವುದಿಲ್ಲ. ರಂಪಣಿ ಎಂಬ ದೊಡ್ಡ ಬಲೆಯ ಮೀನುಗಾರರು ದೋಣಿಯಲ್ಲಿ ಹೋಗಿ ದಂಡಿನ ಸುತ್ತ ಅದನ್ನು ಬಿಟ್ಟು, ಎರಡೂ ತುದಿ ಹಿಡಿದು ಪೂರ್ತಿ ದಂಡನ್ನೇ ದಡಕ್ಕೆ ಎಳೆಯುತ್ತಿದ್ದರು.