ರ‍್ಯಾಮ್ ಹೆಚ್ಚಿಸಿದರೂ ಗೇಮ್ ಸರ್ವರ್ ಏಕೆ ತಡವರಿಸುತ್ತದೆ?

ಪ್ರಶ್ನೆ: ಎಂಟು ಮಂದಿ ಸ್ನೇಹಿತರು ಸೇರಿ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಸರ್ವರ್ ನಡೆಸುತ್ತಿದ್ದೇವೆ. ಮೊದಲು 4 ಜಿಬಿ ರ‍್ಯಾಮ್ ಕೊಟ್ಟಿದ್ದೆವು, ಆಮೇಲೆ 8, ಈಗ 16. ಎಲ್ಲರೂ ಒಟ್ಟಿಗೆ ಬಂದಾಗ ಲ್ಯಾಗ್ (ಆಟದ ತಡವರಿಕೆ) ಮೊದಲಿನಂತೆಯೇ ಇದೆ. 32 ಜಿಬಿಗೆ ಹೋಗಬೇಕೆ?

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಜಿಬಿಯ ಅಂಕಿ ಏರುತ್ತಲೇ ಇದೆ, ದೂರು ಮಾತ್ರ ಅದೇ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ, ಕೊನೆಯವರೆಗೆ ಓದಿ.

ಸರ್ವರ್ ಸೆಕೆಂಡಿಗೆ 20 ಸಲ ಆಟದ ಜಗತ್ತನ್ನು ಒಂದೊಂದು ಹೆಜ್ಜೆ ಮುಂದಕ್ಕೆ ನಡೆಸುತ್ತದೆ. ಆ ಹೆಜ್ಜೆಗೆ ಟಿಕ್ ಎಂದು ಹೆಸರು. ಒಂದು ಟಿಕ್‌ಗೆ ಸಿಗುವ ಕಾಲ 50 ಮಿಲಿಸೆಕೆಂಡ್. ಅಷ್ಟರೊಳಗೆ ಹಸುಗಳು ಅಡ್ಡಾಡಬೇಕು, ಪೈರು ಬೆಳೆಯಬೇಕು, ಕುಲುಮೆ ಉರಿಯಬೇಕು, ನೀರು ಹರಿಯಬೇಕು, ಎಂಟೂ ಮಂದಿ ಮಾಡಿದ್ದೆಲ್ಲ ಲೆಕ್ಕಕ್ಕೆ ಬರಬೇಕು. ಕೆಲಸ 40 ಮಿಲಿಸೆಕೆಂಡಿನಲ್ಲಿ ಮುಗಿದರೆ ಉಳಿದ 10ರಲ್ಲಿ ಸರ್ವರ್ ಸುಮ್ಮನೆ ಕಾಯುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. 100 ಹಿಡಿದರೆ ಸೆಕೆಂಡಿಗೆ ಹತ್ತೇ ಟಿಕ್. ಆಗ 10 ಸೆಕೆಂಡಿನಲ್ಲಿ ಕರಗಬೇಕಾದ ಅದಿರಿಗೆ 20 ಸೆಕೆಂಡ್ ಬೇಕಾಗುತ್ತದೆ, 20 ನಿಮಿಷದ ಒಂದು ದಿನ 40 ನಿಮಿಷ ಎಳೆಯುತ್ತದೆ, ಒಡೆದ ಕಲ್ಲು ಕಣ್ಣೆದುರೇ ಮತ್ತೆ ಬಂದು ಕೂರುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದರೆ ಲಾಗ್‌ನಲ್ಲಿ, ಅಂದರೆ ಸರ್ವರ್ ಬರೆದಿಡುವ ದಿನಚರಿಯಲ್ಲಿ, ‘ಕಾಂಟ್ ಕೀಪ್ ಅಪ್’ (ಸರಿಗಟ್ಟಲಾಗುತ್ತಿಲ್ಲ) ಎಂಬ ಸಾಲು ಬರುತ್ತದೆ. ನೀವೆಲ್ಲ ನೋಡಿರುತ್ತೀರಿ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. ರ‍್ಯಾಮ್ ಹೆಚ್ಚಿದಷ್ಟೂ ಸರ್ವರ್ ಚುರುಕಾಗುತ್ತದೆ ಎಂಬುದು ತಪ್ಪು. ಒಬ್ಬ ದರ್ಜಿಯನ್ನು ನೆನೆಯಿರಿ. ಅವನ ಹಿಂದೆ ಬಟ್ಟೆ ಇಡುವ ಕಪಾಟು ಇದೆ. ಕಪಾಟು ತೀರ ಚಿಕ್ಕದಾದರೆ ಬಟ್ಟೆ ನೆಲಕ್ಕೆ ಬೀಳುತ್ತದೆ, ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಅದು ನಿಜ. ಆದರೆ ಬಟ್ಟೆಯೆಲ್ಲ ಒಳಗೆ ಹಿಡಿಸಿದ ಮೇಲೆ ಕಪಾಟನ್ನು ಇಮ್ಮಡಿ ಮಾಡಿದರೆ ಅವನ ಕೈ ಇಮ್ಮಡಿ ವೇಗದಲ್ಲಿ ಹೊಲಿಯುತ್ತದೆಯೇ? ರ‍್ಯಾಮ್ ಆ ಕಪಾಟು. ಹೊಲಿಯುವ ಕೈ ಪ್ರೊಸೆಸರ್‌ನದು, ಅದರಲ್ಲೂ ಅದರ ಒಂದೇ ಒಂದು ಕೋರ್‌ನದು.

ಒಂದೇ ಕೋರ್ ಏಕೆ ಎಂದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಪೆಟ್ಟಿಗೆಯಲ್ಲಿ ಒಂದೇ ವಜ್ರ ಉಳಿದಿದೆ, ಇಬ್ಬರು ಒಂದೇ ಕ್ಷಣದಲ್ಲಿ ಕೈ ಹಾಕುತ್ತಾರೆ ಎಂದುಕೊಳ್ಳಿ. ಸರ್ವರ್ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರಂತೆ ಸಾಲಿನಲ್ಲಿ ನಿಲ್ಲಿಸಿ ತೀರ್ಮಾನಿಸಬೇಕು. ಎರಡು ಕೋರ್‌ಗಳು ತಮ್ಮ ಪಾಡಿಗೆ ತಾವು ತೀರ್ಮಾನಿಸಿದರೆ ವಜ್ರ ಎರಡಾಗಬಹುದು, ಇಲ್ಲವೇ ಮಾಯವಾಗಬಹುದು. ಆದ್ದರಿಂದ ಟಿಕ್‌ನ ಮುಖ್ಯ ಕೆಲಸವೆಲ್ಲ ಒಂದೇ ಎಳೆಯಲ್ಲಿ ಸಾಗುತ್ತದೆ. ಹೊಸ ಭೂಭಾಗ ಸೃಷ್ಟಿಸುವಂತಹ ಕೆಲವು ಕೆಲಸಗಳು ಬೇರೆ ಕೋರ್‌ಗಳಿಗೆ ಹೋಗುತ್ತವೆ. ಜಗತ್ತನ್ನು ಪ್ರದೇಶಗಳಾಗಿ ಒಡೆದು ಹಲವು ಕೋರ್‌ಗಳಿಗೆ ಹಂಚುವ ಫೋಲಿಯಾ ಎಂಬ ಸರ್ವರ್ ತಂತ್ರಾಂಶವೂ ಇದೆ, ಆದರೆ ಅದರ ಪ್ರಯೋಜನ ಕಾಣುವುದು ನೂರಾರು ಮಂದಿ ದೂರದೂರ ಚದುರಿ ಆಡುವಲ್ಲಿ. ಎಂಟು ಮಂದಿಗೆ ನಿಧಾನದ ಹದಿನಾರು ಕೋರ್‌ಗಳಿಗಿಂತ ಚುರುಕಾದ ನಾಲ್ಕೇ ಮೇಲು.

ಹಾಗಿದ್ದರೆ ರ‍್ಯಾಮ್ ಹೆಚ್ಚಿಸಿದ ದಿನ ಆಟ ಹಗುರಾಯಿತಲ್ಲ ಎನ್ನುತ್ತೀರಿ. ನಿಮಗೆ ಅನಿಸಿದ್ದು ಸುಳ್ಳಲ್ಲ. ಆದರೆ ರ‍್ಯಾಮ್ ಮಿತಿ ಬದಲಿಸಲು ಸರ್ವರ್ ನಿಲ್ಲಿಸಿ ಮತ್ತೆ ಆರಂಭಿಸಿದಿರಿ, ಅಲ್ಲವೇ? ಆಗ ಅಲ್ಲಿಯವರೆಗೆ ಪೇರಿಸಿಕೊಂಡಿದ್ದ ಹೊರೆಯೆಲ್ಲ ಇಳಿಯಿತು. ಮಿತಿ ಮುಟ್ಟದೆ ಬರೀ ಮರುಆರಂಭ ಮಾಡಿ ನೋಡಿ, ಅದೇ ಹಗುರ ಸಿಗುತ್ತದೆ. ನಂಬಿಕೆ ಗಟ್ಟಿಯಾಗಲು ಇನ್ನೊಂದು ಕಾರಣ, ಸರ್ವರ್ ಬಾಡಿಗೆಗೆ ಕೊಡುವವರು ಬೆಲೆಯನ್ನು ಜಿಬಿ ಲೆಕ್ಕದಲ್ಲಿ ಹಾಕುವುದು. ದುಡ್ಡು ಯಾವುದಕ್ಕೆ ಹೆಚ್ಚೋ ವೇಗವೂ ಅದರಿಂದಲೇ ಎಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ವಿಪರೀತ ರ‍್ಯಾಮ್‌ನಿಂದ ತೊಂದರೆಯೂ ಆಗಬಹುದು. ಜಾವಾ ಬಳಸಿ ಬಿಟ್ಟ ವಸ್ತುಗಳನ್ನು ಆಗಾಗ ಗುಡಿಸಿ ಹಾಕುತ್ತದೆ. ಅದಕ್ಕಾಗಿ ನಡುನಡುವೆ ಆಟವನ್ನೇ ತಡೆದು ನಿಲ್ಲಿಸಬೇಕಾಗುತ್ತದೆ. ಈಗ ರೂಢಿಯಲ್ಲಿರುವ ಜಿ1 ವಿಧಾನ ಇಂತಹ ಒಂದು ನಿಲುಗಡೆಗೆ ಇಟ್ಟುಕೊಂಡಿರುವ ಗುರಿ 200 ಮಿಲಿಸೆಕೆಂಡ್, ಅಂದರೆ ನಾಲ್ಕು ಟಿಕ್. ಜಾಗ ದೊಡ್ಡದಾದಷ್ಟೂ ಕಸ ಹೆಚ್ಚು ಹೊತ್ತು ಕೂಡಿಕೊಳ್ಳುತ್ತದೆ. ಎಂದಾದರೂ ಇಡೀ ಮನೆ ಗುಡಿಸುವ ಸರದಿ ಬಂದರೆ ಆಟಗಾರರು ನಿಂತಲ್ಲೇ ಕಲ್ಲಾಗುತ್ತಾರೆ. ಇದಲ್ಲದೆ ಯಂತ್ರದ ಎಲ್ಲ ರ‍್ಯಾಮನ್ನೂ ಆಟಕ್ಕೇ ಬರೆದುಕೊಟ್ಟರೆ ಆಪರೇಟಿಂಗ್ ಸಿಸ್ಟಮ್‌ಗೆ ಉಸಿರಾಡಲು ಜಾಗವಿಲ್ಲದೆ ಸರ್ವರ್ ಅನ್ನೇ ಕೊಂದುಹಾಕುವುದುಂಟು. ಮಾಡ್‌ಗಳು, ಅಂದರೆ ಆಟವನ್ನು ಬದಲಿಸುವ ಹೆಚ್ಚುವರಿ ತಂತ್ರಾಂಶಗಳು, ಇಲ್ಲದ ಎಂಟು ಮಂದಿಯ ಆಟಕ್ಕೆ 4ರಿಂದ 6 ಜಿಬಿ ಧಾರಾಳ. ನೂರಾರು ಮಾಡ್‌ಗಳನ್ನು ಹೇರಿದ್ದರೆ ಮಾತು ಬೇರೆ. ರ‍್ಯಾಮ್ ನಿಜಕ್ಕೂ ಸಾಲದಿದ್ದರೆ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂದೇ ಬರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಅಳೆಯಿರಿ. ಒಬ್ಬರಿಗೆ ಮಾತ್ರ ತಡವಾದರೆ ಅವರ ಇಂಟರ್‌ನೆಟ್ ನೋಡಬೇಕು, ಎಲ್ಲರಿಗೂ ಒಟ್ಟಿಗೆ ಆದರೆ ಸರ್ವರ್ ನೋಡಬೇಕು. 1.20.3 ಆವೃತ್ತಿಯಿಂದ ಈಚೆಗೆ ‘ಟಿಕ್ ಕ್ವೆರಿ’ ಎಂಬ ಆಜ್ಞೆ ಇದೆ, ಒಂದು ಟಿಕ್‌ಗೆ ಸರಾಸರಿ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತಿದೆ ಎಂದು ಅದು ಹೇಳುತ್ತದೆ. ಆ ಕಾಲ ಎಲ್ಲಿ ಕರಗುತ್ತಿದೆ ಎಂದು ಸ್ಪಾರ್ಕ್ ಎಂಬ ಪ್ಲಗಿನ್ ಬಿಡಿಸಿ ತೋರಿಸುತ್ತದೆ.

ಒಮ್ಮೆ ನಿಮ್ಮಂಥದೇ ಒಂದು ಗುಂಪಿನ ಸರ್ವರ್ ನೋಡಲು ಕುಳಿತಿದ್ದೆ. ಸ್ಪಾರ್ಕ್‌ನ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಜೀವಿಗಳ ಚಲನೆಗೇ ಹೋಗುತ್ತಿತ್ತು. ಅದು ತೋರಿಸಿದ ಚಂಕ್‌ಗೆ, ಅಂದರೆ ಆಟದ ಜಗತ್ತಿನ ಒಂದು ಚೌಕ ತುಂಡಿಗೆ, ಹೋಗಿ ನಿಂತೆ. ಬೇಲಿಯ ಒಳಗೆ ಬರೀ ಕೋಳಿಗಳು, ನೆಲವೇ ಕಾಣದಷ್ಟು. ಯಾರೋ ಮೊಟ್ಟೆಗಾಗಿ ಸಾಕಲು ಆರಂಭಿಸಿ ಮರೆತಿದ್ದರು. ಪ್ರತಿಯೊಂದು ಕೋಳಿಯೂ ಪಕ್ಕದ ಕೋಳಿಗೆ ತಾಗುತ್ತಿದೆಯೇ ಎಂದು ಸರ್ವರ್ ಪ್ರತಿ ಟಿಕ್‌ನಲ್ಲೂ ಲೆಕ್ಕ ಹಾಕುತ್ತಿತ್ತು. ಇಪ್ಪತ್ತು ಉಳಿಸಿ ಮಿಕ್ಕವನ್ನು ತೆಗೆಸಿದೆ. ಅಂದು ರಾತ್ರಿ ಎಲ್ಲರೂ ಆಡಿದರೂ ಟಿಕ್ 50 ಮಿಲಿಸೆಕೆಂಡ್ ದಾಟಲಿಲ್ಲ. ಅವರು ಕೊಟ್ಟಿದ್ದ ರ‍್ಯಾಮ್ ಅಷ್ಟೇ ಇತ್ತು.

ಕೋಳಿಗಳಿಲ್ಲದಿದ್ದರೆ ಹಾಪರ್‌ಗಳನ್ನು, ಅಂದರೆ ವಸ್ತುಗಳನ್ನು ಹೀರಿ ಪೆಟ್ಟಿಗೆಗೆ ಸಾಗಿಸುವ ಆಲಿಕೆಗಳನ್ನು, ನೋಡಿ. ಬಾಯಿ ತೆರೆದ ಹಾಪರ್ ಮೇಲೇನಾದರೂ ಬಿದ್ದಿದೆಯೇ ಎಂದು ಹುಡುಕುತ್ತಲೇ ಇರುತ್ತದೆ. ಸಿಮ್ಯುಲೇಷನ್ ಡಿಸ್ಟೆನ್ಸ್, ಅಂದರೆ ಆಟಗಾರನಿಂದ ಎಷ್ಟು ಚಂಕ್ ದೂರದವರೆಗೆ ಜಗತ್ತು ನಡೆಯಬೇಕೆಂಬ ಅಂಕಿ, 10 ಇದ್ದರೆ ಒಬ್ಬ ಆಟಗಾರನ ಸುತ್ತ 21ಕ್ಕೆ 21, ಅಂದರೆ 441 ಚಂಕ್‌ಗಳು ಜೀವಂತವಾಗಿರುತ್ತವೆ. 6ಕ್ಕೆ ಇಳಿಸಿದರೆ 169. ಎಂಟು ಮಂದಿ ಎಂಟು ದಿಕ್ಕಿಗೆ ಹೋದಾಗ ಈ ಅಂತರ ಎಷ್ಟಾಗುತ್ತದೆ ಎಂದು ನೀವೇ ಗುಣಿಸಿ ನೋಡಿ. ಸೆಟ್ಟಿಂಗ್ ಕಡತದಲ್ಲಿ ಒಂದು ಅಂಕಿ ತಿದ್ದಿದರೆ ಆಯಿತು.

ಇಷ್ಟೆಲ್ಲ ಕೇಳಿದಿರಿ, ಆದರೆ ಬ್ಯಾಕಪ್ ಬಗ್ಗೆ ಕೇಳಲಿಲ್ಲ. ಲ್ಯಾಗ್ ಬಗ್ಗೆ ಬರೆಯುವವರಲ್ಲಿ ಅದನ್ನು ಕೇಳುವವರು ತೀರ ಅಪರೂಪ, ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅದೇ. ಲ್ಯಾಗ್ ಒಂದು ಸಂಜೆಯನ್ನು ಕೆಡಿಸುತ್ತದೆ, ಡಿಸ್ಕ್ ಕೆಟ್ಟರೆ ಎರಡು ವರ್ಷದ ಊರು ಹೋಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ? ಸರ್ವರ್ ಓಡುತ್ತಿರುವಾಗಲೇ ವರ್ಲ್ಡ್ ಫೋಲ್ಡರ್ ನಕಲು ಮಾಡುವುದು ಬ್ಯಾಕಪ್ ಅಲ್ಲ. ನಕಲು ಅರ್ಧಕ್ಕೆ ಬಂದಾಗ ಸರ್ವರ್ ಅದೇ ಕಡತಕ್ಕೆ ಬರೆದರೆ ಹರಿದ ಪ್ರತಿ ಸಿಗುತ್ತದೆ. ಒಂದೊಂದು ರೀಜನ್ ಕಡತದಲ್ಲಿ 1024 ಚಂಕ್‌ಗಳಿಗೆ ಜಾಗವಿರುತ್ತದೆ, ಒಂದು ಕೆಟ್ಟರೂ ಒಂದು ಬಡಾವಣೆಯೇ ಹೋದಂತೆ. ಸರ್ವರ್‌ಗೆ ಆಜ್ಞೆ ಕೊಡುವ ಕ್ರಮ ಹೀಗೆ: ಮೊದಲು ತಾನಾಗಿ ಉಳಿಸುವುದನ್ನು ನಿಲ್ಲಿಸುವ ‘ಸೇವ್-ಆಫ್’, ನಂತರ ಎಲ್ಲವನ್ನೂ ಡಿಸ್ಕ್‌ಗೆ ಬರೆಸುವ ‘ಸೇವ್-ಆಲ್ ಫ್ಲಶ್’, ಆಮೇಲೆ ನಕಲು, ಕೊನೆಗೆ ಉಳಿಸುವುದನ್ನು ಮತ್ತೆ ಆರಂಭಿಸುವ ‘ಸೇವ್-ಆನ್’. ಈ ಕೊನೆಯದನ್ನು ಮರೆತರೆ ಅಲ್ಲಿಂದ ಮುಂದೆ ಆಡಿದ್ದು ತಾನಾಗಿ ಉಳಿಯುವುದಿಲ್ಲ, ಎಚ್ಚರ. ನಕಲನ್ನು ಬೇರೆ ಯಂತ್ರದಲ್ಲಿ ಇಡಿ.

ಇಟ್ಟಮೇಲೆ ಒಮ್ಮೆ ತೆರೆದೂ ನೋಡಿ. ಬೇರೆ ಫೋಲ್ಡರಿನಲ್ಲಿ, 25565ರ ಬದಲು 25566ನೇ ಪೋರ್ಟ್‌ನಲ್ಲಿ ಆ ಪ್ರತಿಯನ್ನು ಆರಂಭಿಸಿ ಒಳಗೆ ಹೋಗಿ, ನಿಮ್ಮ ಮನೆಯವರೆಗೆ ನಡೆದು, ಪೆಟ್ಟಿಗೆ ತೆರೆದು, ಇಟ್ಟ ವಸ್ತುಗಳೆಲ್ಲ ಇವೆಯೇ ಎಂದು ಎಣಿಸಿ.