ತೊಗರಿ ಹೊಲದಲ್ಲಿ ‘ಟಿ’ ಅಕ್ಷರದಂತೆ ಕೂರುವ ಹುಳು ಯಾವುದು? ಅದಕ್ಕೆ ಔಷಧಿ ಹೊಡೆಯಬೇಕೇ?

ಪ್ರಶ್ನೆ: ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡದ ನಡುವೆ ನಡೆದರೆ ಸೊಳ್ಳೆಯಂಥ ಸಣ್ಣ ಕಂದು ಹುಳುಗಳು ಎದ್ದು, ನಾಲ್ಕು ಹೆಜ್ಜೆ ದೂರ ಹಾರಿ ಮತ್ತೆ ಕೂರುತ್ತವೆ. ಕೂತಾಗ ರೆಕ್ಕೆಗಳು ಎರಡೂ ಕಡೆ ನೇರವಾಗಿ ಚಾಚಿ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುತ್ತವೆ. ಇದು ಸೊಳ್ಳೆಯೇ? ಕಾಯಿ ತೂತು ಮಾಡುವುದು ಇದೇ ಏನು?

ಉತ್ತರ: ಅದು ಸೊಳ್ಳೆಯಲ್ಲ, ಪತಂಗ. ತೊಗರಿಯ ಗರಿಪತಂಗ ಎಂದು ಕರೆಯುತ್ತಾರೆ. ನೀವು ನೋಡಿದ ಹಾರುವ ಹುಳು ಕಾಯಿಯನ್ನು ಮುಟ್ಟುವುದಿಲ್ಲ. ಅದರ ಬಾಯಿಯಲ್ಲಿ ಕಚ್ಚುವ ಹಲ್ಲಿಲ್ಲ, ಹೂವಿನ ರಸ ಹೀರುವ ಸಣ್ಣ ನಳಿಕೆಯಿದೆ ಅಷ್ಟೇ. ಕಾಯಿ ತಿನ್ನುವುದು ಅದರ ಮರಿಹುಳು. ಹಾಗೆಂದು ಹೊಲದಲ್ಲಿ ಕಂಡ ತೂತುಗಳೆಲ್ಲ ಅದರದ್ದೇ ಅಲ್ಲ. ಬಹಳ ಸಲ ಬೇರೆ ಹುಳುವಿನ ತಪ್ಪು ಈ ಬಡಪಾಯಿಯ ತಲೆಗೆ ಬೀಳುತ್ತದೆ. ಆದ್ದರಿಂದ ಪತಂಗ ಕಂಡ ಮಾತ್ರಕ್ಕೆ ಪಂಪು ಹೆಗಲಿಗೇರಿಸಬೇಡಿ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಆಳಂದ, ಚಿತ್ತಾಪುರ, ಜೇವರ್ಗಿ, ಹುಮನಾಬಾದ್, ಶಹಾಪುರದ ಹೊಲಗಳಲ್ಲಿ ವರ್ಷವರ್ಷವೂ ಕಣ್ಣಿಗೆ ಬೀಳುವ ಈ ಜೀವಿಯನ್ನು ಒಮ್ಮೆ ಸರಿಯಾಗಿ ನೋಡಿದವರು ಕಡಿಮೆ. ನೋಡಲು ಅದು ಯೋಗ್ಯವಾಗಿದೆ ಎಂದು ನನ್ನ ಖಚಿತ ಅಭಿಪ್ರಾಯ.

ಬೆಳಗಿನ ತಂಪಿನಲ್ಲಿ ಪತಂಗ ಚುರುಕಾಗಿರುವುದಿಲ್ಲ, ಹತ್ತಿರ ಹೋಗಲು ಬಿಡುತ್ತದೆ. ಎರಡೂ ರೆಕ್ಕೆ ಚಾಚಿದರೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಗಲ. ಮೈ ಕಡ್ಡಿಯಷ್ಟು ತೆಳ್ಳಗೆ. ಕಾಲುಗಳು ಉದ್ದ, ಅವುಗಳ ಮೇಲೆ ಎದ್ದು ಕಾಣುವ ಮುಳ್ಳುಗಳಿವೆ. ಸೊಳ್ಳೆಗೆ ಇರುವುದು ಎರಡೇ ರೆಕ್ಕೆ, ಇದಕ್ಕೆ ಎಲ್ಲ ಪತಂಗಗಳಂತೆ ನಾಲ್ಕು. ಕೂತಾಗ ಎರಡೇ ಕಾಣುತ್ತವೆ, ಏಕೆಂದರೆ ಹಿಂದಿನ ಜೋಡಿಯನ್ನು ಮುಂದಿನದರ ಅಡಿಗೆ ಸೇರಿಸಿ, ಮಡಿಚಿದ ಬೀಸಣಿಗೆಯಂತೆ ಒಟ್ಟು ಮಾಡಿ ಇಟ್ಟುಕೊಂಡಿರುತ್ತದೆ. ಬಿಚ್ಚಿದಾಗ ಅದರ ನಿಜವಾದ ಚೆಲುವು ಗೊತ್ತಾಗುತ್ತದೆ. ಮುಂದಿನ ರೆಕ್ಕೆ ತುದಿಯಲ್ಲಿ ಎರಡಾಗಿ ಸೀಳಿದೆ, ಹಿಂದಿನದು ಬುಡದ ಹತ್ತಿರದವರೆಗೂ ಮೂರಾಗಿ ಸೀಳಿದೆ. ಪ್ರತಿ ಸೀಳಿನ ಅಂಚಿಗೂ ಉದ್ದನೆಯ ರೋಮಗಳ ಸಾಲು. ರೆಕ್ಕೆ ಹರಿದಂತೆ ಕಂಡರೂ ಆ ರೋಮಗಳು ಸಂದುಗಳನ್ನು ತುಂಬುವುದರಿಂದ ಹಾರಾಟಕ್ಕೆ ಕೊರತೆಯಾಗುವುದಿಲ್ಲ. ಹೀಗೆ ರೆಕ್ಕೆ ಸೀಳಿಕೊಂಡಿರುವ ಗರಿಪತಂಗಗಳದ್ದೇ ಒಂದು ದೊಡ್ಡ ಕುಟುಂಬವಿದೆ. ಟೆರೊಫೊರಿಡೆ ಎಂಬ ಆ ಕುಟುಂಬದಲ್ಲಿ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ.

ನಮ್ಮ ತೊಗರಿಯ ಪತಂಗ ಆ ಕುಟುಂಬದ ಎಕ್ಸೆಲಾಸ್ಟಿಸ್ ಎಂಬ ಕುಲಕ್ಕೆ ಸೇರಿದ್ದು, ಪೂರ್ತಿ ಹೆಸರು ಎಕ್ಸೆಲಾಸ್ಟಿಸ್ ಅಟೊಮೋಸಾ. ಇದನ್ನು 1885ರಲ್ಲಿ ಮೊದಲು ವಿವರಿಸಿ ಹೆಸರಿಟ್ಟವರು ಇಂಗ್ಲೆಂಡಿನ ವಾಲ್ಸಿಂಗ್‌ಹ್ಯಾಂ ಪ್ರಭು. ಸಣ್ಣ ಪತಂಗಗಳ ಮೇಲೆ ಅವರಿಗೆ ಎಂಥ ಮೋಹವಿತ್ತೆಂದರೆ, 1910ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದ ಅವರ ಸಂಗ್ರಹದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಾದರಿಗಳಿದ್ದವು. ಕುಲವನ್ನು ಪ್ರತ್ಯೇಕವಾಗಿ ಗುರುತಿಸಿದ್ದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ, ಎಡ್ವರ್ಡ್ ಮೇರಿಕ್. ಅವರು ವೃತ್ತಿಯಿಂದ ಶಾಲಾ ಮಾಸ್ತರರು. ಪಾಠ ಹೇಳುತ್ತಲೇ ಜೀವಮಾನದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪತಂಗಗಳನ್ನು ವಿವರಿಸಿದರು.

ಈ ಕುಲದವು ಬಿಸಿಲುನಾಡಿನ ಜೀವಿಗಳು. ಹೆಚ್ಚಿನ ಪ್ರಭೇದಗಳು ಆಫ್ರಿಕ ಮತ್ತು ಅದರ ಪಕ್ಕದ ದ್ವೀಪಗಳಲ್ಲಿವೆ. ಎಕ್ಸೆಲಾಸ್ಟಿಸ್ ಪ್ಯುಮಿಲಿಯೊ ಎಂಬುದು ಆಫ್ರಿಕ, ಏಷ್ಯ, ಅಮೆರಿಕ ಎನ್ನದೆ ಉಷ್ಣವಲಯದ ಉದ್ದಗಲಕ್ಕೂ ಹಬ್ಬಿದೆ. ಬಟ್ಟೆಗೆ ಅಂಟಿಕೊಳ್ಳುವ ಕಾಯಿಗಳ ಡೆಸ್ಮೋಡಿಯಂ ಕಳೆಗಿಡಗಳ ಮೇಲೆ ಅದರ ಮರಿಹುಳು ಬದುಕುತ್ತದೆ. ಅಮೆರಿಕದ ಫ್ಲಾರಿಡಾ ಕಡೆಯ ಎಕ್ಸೆಲಾಸ್ಟಿಸ್ ರಿಂಕೋಸಿಯೆ ಎಂಬುದು ರಿಂಕೋಸಿಯ ಬಳ್ಳಿಯನ್ನು ನೆಚ್ಚಿಕೊಂಡಿದೆ, ಅದರ ಹೆಸರೂ ಆ ಗಿಡದಿಂದಲೇ ಬಂದದ್ದು. ರಿಂಕೋಸಿಯ ತೊಗರಿಯ ಹತ್ತಿರದ ನೆಂಟ. ನಮ್ಮ ಎರೆಹೊಲಗಳ ಬದುವಿನ ಮೇಲೆ ಹಳದಿ ಹೂ ಬಿಟ್ಟು ಹಬ್ಬುವ ಸಣ್ಣ ರಿಂಕೋಸಿಯ ಬಳ್ಳಿಯ ಮೇಲೂ ಅಟೊಮೋಸಾ ಬದುಕಬಲ್ಲದು. ಸಾವಿರಾರು ಮೈಲಿ ದೂರದ ಎರಡು ಪ್ರಭೇದಗಳು ಒಂದೇ ಗಿಡದ ಮನೆತನವನ್ನು ಹಿಡಿದು ಬದುಕುತ್ತಿರುವುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಕುಲದ ಪರಿಚಿತ ಪ್ರಭೇದಗಳಲ್ಲಿ ಹಲವಕ್ಕೆ ದ್ವಿದಳ ಸಸ್ಯಗಳೇ ಆಹಾರ. ತೊಗರಿಯ ಮೂಲ ನೆಲೆ ಭಾರತವೇ ಆದ್ದರಿಂದ, ಈ ಪತಂಗವನ್ನು ಎಲ್ಲಿಂದಲೋ ಬಂದು ಸೇರಿದ ಹೊಸ ಪೀಡೆ ಎಂದು ತಿಳಿಯಬೇಕಾದ ಕಾರಣವಿಲ್ಲ.

ಒಂದು ಎಚ್ಚರಿಕೆ. ಮನೆಯ ಗೋಡೆಯ ಮೇಲೆ, ಟ್ಯೂಬ್‌ಲೈಟ್ ಪಕ್ಕ ‘ಟಿ’ಯಂತೆ ಕೂತದ್ದೆಲ್ಲ ತೊಗರಿಯದೇ ಆಗಬೇಕಿಲ್ಲ. ಅವರೆಯ ಮೇಲೆ ಬೆಳೆಯುವ ಸ್ಫೆನಾರ್ಕಿಸ್ ಎಂಬ ಇನ್ನೊಂದು ಗರಿಪತಂಗವೂ ಇದೆ. ಇವುಗಳ ನಡುವಿನ ವ್ಯತ್ಯಾಸವನ್ನು ಖಚಿತಪಡಿಸಲು ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಜನನಾಂಗಗಳ ರಚನೆ ನೋಡುತ್ತಾರೆ. ರೈತನಿಗೆ ಆ ಗೋಜು ಬೇಡ. ಪತಂಗವನ್ನು ಬಿಟ್ಟು ಕಾಯಿಯನ್ನು ನೋಡಿದರೆ ಸಾಕು.

ಹೆಣ್ಣು ಪತಂಗ ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಅವು ಬರಿಗಣ್ಣಿಗೆ ಸಿಗುವುದೇ ಕಷ್ಟ. ಕೆಲವೇ ದಿನಗಳಲ್ಲಿ ಹೊರಬಂದ ಮರಿ ಮೊದಲು ಮೊಗ್ಗನ್ನು ಕೊರೆಯುತ್ತದೆ ಅಥವಾ ಕಾಯಿಯ ಮೇಲ್ಮೈಯನ್ನು ಕೆರೆದು ತಿನ್ನುತ್ತದೆ. ಬಲಿತ ಮೇಲೆ ಕಾಯಿಗೆ ತೂತು ಮಾಡಿ ಎಳೆಯ ಕಾಳನ್ನು ತಿನ್ನುತ್ತದೆ. ಪೂರ್ತಿ ಬೆಳೆದಾಗಲೂ ಅದರ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಬಣ್ಣ ಹಸಿರು ಅಥವಾ ಹಸಿರು ಮಿಶ್ರಿತ ಕಂದು. ನಡುವೆ ದಪ್ಪ, ಎರಡು ತುದಿಗಳಲ್ಲಿ ಸಣ್ಣ. ಮೈಯೆಲ್ಲ ಗಿಡ್ಡನೆಯ ಮುಳ್ಳು ಮತ್ತು ರೋಮ. ಇದನ್ನು ಗುರುತಿಸುವ ದೊಡ್ಡ ಸುಳಿವು ಎಂದರೆ, ಅದು ಕಾಯಿಯೊಳಗೆ ಇಡೀ ದೇಹವನ್ನು ಸೇರಿಸಿಕೊಂಡು ವಾಸಿಸುವುದಿಲ್ಲ. ಹೊರಗೆ ನಿಂತೇ ತಲೆ ತೂರಿಸಿ ತಿನ್ನುತ್ತದೆ.

ಈಗ ಉಳಿದ ಆರೋಪಿಗಳ ಸಂಗತಿ. ನಮ್ಮ ಭಾಗದ ತೊಗರಿಯಲ್ಲಿ ಕಾಯಿ ಕೆಡಿಸುವವರು ಮುಖ್ಯವಾಗಿ ನಾಲ್ವರು, ಒಂದೇ ಗಿಡದಲ್ಲಿ ನಾಲ್ವರೂ ಇರಬಹುದು. ಎಲ್ಲರಿಗೂ ಗೊತ್ತಿರುವ ಕಾಯಿಕೊರಕ, ಅಂದರೆ ಹೆಲಿಕೊವರ್ಪ, ದೊಡ್ಡ ದುಂಡನೆಯ ತೂತು ಮಾಡುತ್ತದೆ. ಅದೂ ಅರ್ಧ ಮೈ ಹೊರಗಿಟ್ಟೇ ತಿನ್ನುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ. ಆದರೆ ಬಲಿತ ಕಾಯಿಕೊರಕ ಮೂರು ನಾಲ್ಕು ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, ಮೈಯ ಪಕ್ಕದಲ್ಲಿ ಉದ್ದನೆಯ ಗೆರೆಗಳಿರುತ್ತವೆ, ಒಂದೇ ಹುಳು ಕಾಯಿಯಿಂದ ಕಾಯಿಗೆ ಸಾಗಿ ಹಲವನ್ನು ಹಾಳು ಮಾಡುತ್ತದೆ. ಮೊಗ್ಗು, ಹೂ, ಎಲೆ, ಕಾಯಿಗಳನ್ನು ನೂಲಿನಿಂದ ಸೇರಿಸಿ ಗೊಂಚಲು ಕಟ್ಟಿ, ಒಳಗೆ ಹಿಕ್ಕೆ ತುಂಬಿಸಿದ್ದರೆ ಅದು ಮರುಕಾ ಎಂಬ ಚುಕ್ಕೆ ಕಾಯಿಕೊರಕ. ಗರಿಪತಂಗದ ಹುಳು ಹೀಗೆ ಬಲೆ ಹೆಣೆಯುವುದಿಲ್ಲ. ನಾಲ್ಕನೆಯದು ಕಾಯಿನೊಣ, ಇದೇ ಎಲ್ಲರಿಗಿಂತ ಕಳ್ಳ. ಕಾಯಿ ಹೊರಗೆ ಅಚ್ಚುಕಟ್ಟಾಗಿಯೇ ಇರುತ್ತದೆ. ಒಳಗೆ ಬಿಳಿಯ ಹುಳು ಕಾಳನ್ನು ಕೊರೆದು, ಅಲ್ಲೇ ಕೋಶವಾಗಿ, ಕೊನೆಗೆ ನೊಣವಾಗಿ ಹೊರಬೀಳುವಾಗ ಮಾತ್ರ ಸಣ್ಣ ತೂತು ಮೂಡುತ್ತದೆ. ಆ ತೂತು ಕಂಡು ಔಷಧಿ ಹೊಡೆದರೆ ಬಂದ ಲಾಭ ಏನೂ ಇಲ್ಲ, ಹುಳು ಆಗಲೇ ಹಾರಿಹೋಗಿರುತ್ತದೆ. ಕಾಯಿ ಬಿಡಿಸಿ ನೋಡದೆ ಕಾಯಿನೊಣ ಇದೆಯೋ ಇಲ್ಲವೋ ಹೇಳಲು ಸಾಧ್ಯವೇ ಇಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಹಸಿ ತೊಗರಿಕಾಯಿ ಕಿತ್ತು ಬೇಯಿಸಲು ಕೂರುವಾಗ ಕಾಳಿನೊಳಗೆ ಸಿಗುವ ಬಿಳಿ ಹುಳು ಹೆಚ್ಚಾಗಿ ಇದೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದರಿಂದ ಹಣ ವ್ಯರ್ಥವಾಗುತ್ತದೆ. ಗರಿಪತಂಗದ ಹುಳು ಕೋಶವಾಗುವುದು ಮಣ್ಣಿನಲ್ಲಲ್ಲ, ಕಾಯಿಯ ಮೇಲೆಯೇ ಅಥವಾ ತಾನು ಕೊರೆದ ತೂತಿನ ಬಾಯಿಯಲ್ಲಿ. ಆ ಕೋಶ ಸಾಮಾನ್ಯ ಕೋಶಗಳಂತೆ ನುಣುಪಾಗಿರದೆ ಮುಳ್ಳು ಮತ್ತು ರೋಮಗಳಿಂದ ಕೂಡಿದ್ದು, ಥೇಟ್ ಹುಳುವಿನಂತೆಯೇ ಕಾಣುತ್ತದೆ. ಔಷಧಿ ಹೊಡೆದು ಎರಡು ದಿನ ಬಿಟ್ಟು ಹೊಲಕ್ಕೆ ಹೋದವರು ಇದನ್ನು ನೋಡಿ ‘ಹುಳು ಸತ್ತೇ ಇಲ್ಲ’ ಎಂದು ಮತ್ತೊಂದು ಡಬ್ಬಿ ತರುತ್ತಾರೆ. ಕೋಶ ಏನನ್ನೂ ತಿನ್ನುವುದಿಲ್ಲ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ: ಹುಳುವಾದರೆ ನಡೆಯುತ್ತದೆ, ಕೋಶವಾದರೆ ಬಾಲದ ತುದಿಯಲ್ಲಿ ಅಂಟಿಕೊಂಡೇ ಇದ್ದು ಹೆಚ್ಚೆಂದರೆ ಮೈ ಅಲುಗಿಸುತ್ತದೆ.

ಹೂ ಉದುರುವುದನ್ನೂ ಈ ಪತಂಗದ ಲೆಕ್ಕಕ್ಕೆ ಬರೆಯುವವರಿದ್ದಾರೆ. ತೊಗರಿ ತಾನು ಬಿಟ್ಟ ಹೂಗಳಲ್ಲಿ ಬಹುಪಾಲನ್ನು ಹುಳುವಿಲ್ಲದಿದ್ದರೂ ಉದುರಿಸುತ್ತದೆ, ಅದು ಆ ಗಿಡದ ಸ್ವಭಾವ. ಮೋಡ, ಮಂಜು, ತೇವದ ಕೊರತೆ ಸೇರಿದರೆ ಇನ್ನಷ್ಟು ಉದುರುತ್ತದೆ. ನೆಲಕ್ಕೆ ಬಿದ್ದ ಹೂವನ್ನು ಎತ್ತಿ ಬಿಡಿಸಿ, ಕೊರೆದ ಗುರುತು ಇದ್ದರೆ ಮಾತ್ರ ಹುಳುವನ್ನು ದೂರಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ತೊಗರಿಯ ಕಣಜ ಎಂಬ ಹೆಸರಿಗೆ ಸರ್ಕಾರಿ ಮುದ್ರೆ ಬಿತ್ತು. ಆದರೆ 1997-98ರ ಹಂಗಾಮನ್ನು ಕಲಬುರಗಿ ಮತ್ತು ಬೀದರ್‌ನ ಹಿರಿಯರು ಮರೆತಿಲ್ಲ. ಕಾಯಿಕೊರಕದ ಹಾವಳಿಯಲ್ಲಿ ತೊಗರಿ ಕೈಕೊಟ್ಟು, ಔಷಧಿಯ ಸಾಲ ಹೊತ್ತ ಮನೆಗಳಲ್ಲಿ ಸಾವುಗಳಾದವು. ಹೊಡೆದ ಔಷಧಿಗೆ ಹುಳು ಜಗ್ಗದಂತಾಗಿತ್ತು. ಆ ಸುಮಾರಿನಲ್ಲಿ ನಮ್ಮ ರೈತರು ಗಿಡ ಅಲ್ಲಾಡಿಸಿ, ಕೆಳಗೆ ಹಿಡಿದ ಹಾಳೆಯ ಮೇಲೆ ಹುಳು ಉದುರಿಸಿ ಕೊಲ್ಲುವ ಪದ್ಧತಿಯನ್ನು ವ್ಯಾಪಕವಾಗಿ ಬಳಸಿದರು. ಹುಮನಾಬಾದ್ ದಾಟಿ ಹೈದರಾಬಾದ್ ರಸ್ತೆಯಲ್ಲಿ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಕೂಡ ಅದನ್ನು ಗಂಭೀರವಾಗಿ ಪರೀಕ್ಷಿಸಿತು. ತೊಗರಿ ನೆಲದ ರೈತನ ಕಣ್ಣು ಮತ್ತು ಕೈಗಳಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ. ಬೇಡವಾದ ಸಿಂಪಡಣೆಯ ಬೆಲೆ ಎಷ್ಟೆಂದು ಈ ನೆಲಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೂ ಬಿಟ್ಟಾಗಿನಿಂದ ವಾರಕ್ಕೊಮ್ಮೆ ಹೊಲದ ಬೇರೆಬೇರೆ ಮೂಲೆಗಳಲ್ಲಿ ಕೆಲವು ಗಿಡಗಳನ್ನು ಆರಿಸಿ, ಮೊಗ್ಗು ಮತ್ತು ಕಾಯಿಗಳನ್ನು ಬಿಡಿಸಿ ನೋಡಿ. ಯಾವ ಹುಳು ಹೆಚ್ಚಿದೆ ಎಂಬುದರ ಮೇಲೆ ಮುಂದಿನ ತೀರ್ಮಾನ. ಗರಿಪತಂಗದ ಹುಳು ಸಾಮಾನ್ಯವಾಗಿ ಎರಡನೇ ಸಾಲಿನ ಶತ್ರು, ಹೊರಗೇ ಇದ್ದು ತಿನ್ನುವುದರಿಂದ ಹತೋಟಿಗೂ ಸುಲಭ. ಮರಿ ಇನ್ನೂ ಚಿಕ್ಕದಿದ್ದು ಕಾಯಿಯ ಸಿಪ್ಪೆ ಕೆರೆಯುತ್ತಿರುವಾಗ ಶೇಕಡಾ 5ರ ಬೇವಿನ ಬೀಜದ ಕಷಾಯ ಒಳ್ಳೆಯದು: 5 ಕಿಲೊ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ, ಒಟ್ಟು 100 ಲೀಟರ್ ನೀರಾಗುವಂತೆ ಮಾಡಿ ಸಂಜೆ ಹೊತ್ತಿನಲ್ಲಿ ಸಿಂಪಡಿಸಬೇಕು. ಬೆಳಗ್ಗೆ ಹೂವಿಗೆ ಜೇನ್ನೊಣ ಬರುವ ಸಮಯ ಬೇಡ. ಕೀಟನಾಶಕ ಬೇಕೇ ಬೇಕು ಎನ್ನುವಷ್ಟು ಹುಳುವಿದ್ದರೆ ಹುಳುಬಿದ್ದ ಕಾಯಿಗಳನ್ನೇ ಕವರಿನಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಅಂಗಡಿಯ ಕಟ್ಟೆಯ ಮೇಲೆ ನಿಂತು ಬಾಯಿಮಾತಿನಲ್ಲಿ ಹುಳುವನ್ನು ವರ್ಣಿಸಿ ಡಬ್ಬಿ ಕೊಳ್ಳಬೇಡಿ.

ತೊಗರಿ ಸಾಲಿನ ನಡುವೆ ಅಲ್ಲಲ್ಲಿ ಜೋಳ ಹಾಕುವವರು ಅದನ್ನು ಬಿಡದಿರಲಿ. ಕಾಜಾಣದಂಥ ಹಕ್ಕಿಗಳು ಅದರ ಮೇಲೆ ಕೂತು ಹುಳು ಹೆಕ್ಕುತ್ತವೆ. ಹಕ್ಕಿಗಿಂತಲೂ ಸಣ್ಣ ಸಹಾಯಕರಿದ್ದಾರೆ. ಅಪಾಂಟೆಲಿಸ್ ಗುಂಪಿನ ಇರುವೆಯಷ್ಟು ಚಿಕ್ಕ ಕಣಜಗಳು ಗರಿಪತಂಗದ ಮರಿಹುಳುವಿನ ಮೈಯೊಳಗೇ ಮೊಟ್ಟೆ ಇಡುತ್ತವೆ, ಅವುಗಳ ಮರಿ ಒಳಗಿನಿಂದಲೇ ಹುಳುವನ್ನು ತಿಂದು ಮುಗಿಸುತ್ತದೆ. ಸೊರಗಿ ಸುಮ್ಮನಾದ ಹುಳುವಿನ ಪಕ್ಕದಲ್ಲಿ ಪುಟ್ಟ ಬಿಳಿ ರೇಷ್ಮೆಗೂಡು ಕಂಡರೆ ಅದು ಈ ಕಣಜದ್ದು. ಅಂಥ ಗೂಡುಗಳು ಗಿಡಗಿಡದಲ್ಲೂ ಸಿಗುತ್ತಿದ್ದರೆ ಗರಿಪತಂಗದ ಸಲುವಾಗಿ ಆ ಹೊಲಕ್ಕೆ ಸಿಂಪಡಣೆ ಬೇಡ.