ಹೊಳೆಯ ಈಜು, ಕಡಲ ಸೆಳವು

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯವರಿಗೆ ನೀರು ಹೊಸದಲ್ಲ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತು, ಮುಂದೆ ಕಾಲುವೆಯಲ್ಲೋ ತುಂಗಭದ್ರೆಯಲ್ಲೋ ಪಳಗಿದವರು ಇಲ್ಲಿ ಊರೂರಿಗೂ ಸಿಗುತ್ತಾರೆ. ಇಂಥವರೇ ರಜೆಯಲ್ಲಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದಾಗ ಉಳಿದವರಿಗಿಂತ ಮೊದಲು ಎದೆಮಟ್ಟದ ನೀರಿಗೆ ಇಳಿಯುತ್ತಾರೆ. ಈಜು ಬರುತ್ತದೆಂಬ ಧೈರ್ಯವೇ ಅಲ್ಲಿ ಮುಳುವಾಗಬಹುದು.

ಉಪ್ಪುನೀರು ಆ ಧೈರ್ಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುವುದರಿಂದ ಅದರ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಹೆಚ್ಚು, 60 ಕೆ.ಜಿ. ತೂಕದವರನ್ನು ಅದು ಹೊಳೆಗಿಂತ ಒಂದೂವರೆ ಕೆ.ಜಿ.ಯಷ್ಟು ಹೆಚ್ಚಾಗಿ ಮೇಲಕ್ಕೆತ್ತುತ್ತದೆ. ತೇಲುವುದು ಸುಲಭವಾಯಿತೆಂದು ದಡ ಸೇರುವುದೂ ಸುಲಭವೆಂದು ತಿಳಿಯಬಾರದು.

ಭತ್ತದ ಗದ್ದೆಯ ಬದು ಒಂದು ಕಡೆ ಕುಸಿದಾಗ ಮಡಿಯ ನೀರೆಲ್ಲ ಆ ಬಾಯಿಗೇ ನುಗ್ಗುವುದನ್ನು ನೋಡಿದವರಿಗೆ ಕಡಲ ಸೆಳವನ್ನು ವಿವರಿಸುವುದು ಕಷ್ಟವಲ್ಲ. ದಡದಿಂದ ತುಸು ದೂರದಲ್ಲಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ಅಲೆಗಳು ಅವುಗಳ ಮೇಲೆ ಒಡೆದು, ಒಂದರ ಹಿಂದೆ ಒಂದರಂತೆ ನೀರನ್ನು ದಡದತ್ತ ತಳ್ಳಿ ಪೇರಿಸುತ್ತವೆ. ಹೀಗೆ ಪೇರಿದ ನೀರು ದಿಬ್ಬಗಳ ನಡುವಿನ ತಗ್ಗನ್ನು ಹಿಡಿದು ಕಡಲಿಗೆ ಮರಳುತ್ತದೆ. ಇದೇ ರಿಪ್ ಕರೆಂಟ್. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನಲ್ಲಿದ್ದರೂ ಕೆಲವೊಮ್ಮೆ 2 ಮೀಟರನ್ನು ದಾಟುತ್ತದೆ. 2009ರಲ್ಲಿ ಬ್ರೆಜಿಲ್‌ನ ಸೀಸರ್ ಸಿಯೆಲೊ 50 ಮೀಟರನ್ನು 20.91 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದಾಗಿನ ಸರಾಸರಿ ವೇಗವೇ ಸೆಕೆಂಡಿಗೆ 2.4 ಮೀಟರ್. ತಗ್ಗಿನಲ್ಲಿ ನೀರು ಆಳವಾಗಿರುವುದರಿಂದ ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಎರಡೂ ಬದಿಗೆ ಬಿಳಿ ನೊರೆ ಏಳುತ್ತಿರುವಾಗ ನಡುವೆ ಕಪ್ಪಗೆ, ಶಾಂತವಾಗಿ ಕಾಣುವ ಪಟ್ಟಿಯೇ ಸೆಳವಿನ ಬಾಯಿ. ಮಕ್ಕಳನ್ನು ಕರೆತಂದವರಿಗೆ ಹಿಡಿಸುವ ಜಾಗವೂ ಅದೇ. ಹೊಳೆಯಲ್ಲಿ ಸದ್ದಿಲ್ಲದ ನೀರು ಕಂಡರೆ ಮಡುವಿದ್ದೀತೆಂದು ಹಿಂಜರಿಯುವ ನಾವು ಕಡಲಿನಲ್ಲಿ ಅದನ್ನು ಮರೆಯುವುದು ವಿಚಿತ್ರ.

ಈ ಸೆಳವು ಯಾರನ್ನೂ ನೀರಿನಡಿಗೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಮುಳುಗಿಸುವುದು ಎದುರೀಜಿದ ದಣಿವು ಮತ್ತು ಗಾಬರಿ. ತುಂಗಭದ್ರೆಯನ್ನು ಈಜಿ ದಾಟುವವರು ಸೆಳವಿಗೆ ಎದುರಾಗದೆ, ಅದನ್ನು ಅಡ್ಡ ಕಡಿದು ದಡ ಹಿಡಿಯುತ್ತಾರೆ. ಕಡಲಿನಲ್ಲೂ ನಿಯಮ ಅದೇ, ದಿಕ್ಕು ಮಾತ್ರ ಬೇರೆ. ಹೊಳೆ ದಡದ ಗುಂಟ ಹರಿದರೆ ರಿಪ್ ಕರೆಂಟ್ ದಡಕ್ಕೆ ಬೆನ್ನು ಮಾಡಿ ಹರಿಯುತ್ತದೆ. ಆದ್ದರಿಂದ ಅದನ್ನು ಅಡ್ಡ ಕಡಿಯುವುದೆಂದರೆ ದಡದ ಗುಂಟ ಈಜುವುದು. ಪಟ್ಟಿಯಿಂದ ಹೊರಬಿದ್ದ ಮೇಲೆ ಓರೆಯಾಗಿ ದಡದತ್ತ ತಿರುಗಿದರೆ ಅಲೆಗಳೇ ಹಿಂದಿನಿಂದ ತಳ್ಳುತ್ತವೆ. ಅಷ್ಟು ಕಸುವಿಲ್ಲದಿದ್ದರೆ ಅಂಗಾತ ತೇಲುತ್ತ ಕೈಯೆತ್ತಿ ಕರೆಯಬೇಕು.

ಕೆಂಪು-ಹಳದಿ ಬಾವುಟಗಳ ನಡುವಿನ ಜಾಗದ ಮೇಲೆ ಜೀವರಕ್ಷಕರ ಕಣ್ಣಿರುತ್ತದೆ. ಬರೀ ಕೆಂಪು ಬಾವುಟವಿದ್ದರೆ ನೀರಿಗಿಳಿಯುವಂತಿಲ್ಲ. ಬನಾನಾ ಬೋಟ್ ಆಗಲಿ, ನಮ್ಮ ಸಾಣಾಪುರ ಕೆರೆಯ ಹರಿಗೋಲಾಗಲಿ, ಹತ್ತುವ ಮುನ್ನ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದು, ಭುಜದ ಬಳಿ ಹಿಡಿದು ಯಾರಿಂದಲಾದರೂ ಮೇಲಕ್ಕೆ ಎಳೆಸಿ ನೋಡಬೇಕು. ಅದು ಕಿವಿಯ ಮಟ್ಟಕ್ಕೆ ಏರಿಬಂದರೆ ಅಳತೆ ದೊಡ್ಡದಾಯಿತೆಂದೇ ಅರ್ಥ.

ತಮ್ಮವರು ಕೊಚ್ಚಿಹೋಗುವುದನ್ನು ಕಂಡು ಹಿಂದೆಯೇ ಹಾರಿದವರೂ ಜೊತೆಗೇ ಮುಳುಗುವುದುಂಟು. ಪ್ರವಾಸದ ಬಸ್ಸಿನಲ್ಲಿ ಕುಡಿಯುವ ನೀರಿನ 20 ಲೀಟರಿನ ಕ್ಯಾನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಬರಿದು ಮಾಡಿ, ಮುಚ್ಚಳ ಬಿಗಿದು, ಜೀವರಕ್ಷಕರನ್ನು ಕೂಗುತ್ತಲೇ ಕೊಚ್ಚಿಹೋಗುತ್ತಿರುವವರ ಕೈಗೆಟಕುವಂತೆ ಎಸೆದರೆ, ಆರ್ಕಿಮಿಡೀಸನ ತತ್ವದಂತೆ ಅದು 20 ಕೆ.ಜಿ.ಗೆ ಹತ್ತಿರದ ಭಾರವನ್ನು ಎತ್ತಿಹಿಡಿಯಬಲ್ಲುದು. ಒಬ್ಬರ ತಲೆ ನೀರಿನ ಮೇಲಿರಲು ಐದಾರು ಕೆ.ಜಿ. ಎತ್ತುವ ಬಲವಿದ್ದರೂ ಸಾಕು. ಬಾವಿಯಲ್ಲಿ ಬೆನ್ನಿಗೆ ಕಟ್ಟಿದ್ದ ಬೆಂಡು ಮಾಡುತ್ತಿದ್ದುದೂ ಇದೇ ಕೆಲಸ.